ನಿಪ್ಪಾಣಿ ಯಾ ಕಡೆ ಐತ್ರಿ?

ಫೋಟೋ ತಗ್ಯಾವನ ಹಣೇಬರಾನ ಹಿಂಗ ನೋಡ್ರಿ. ಮದವಿ ಮನ್ಯಾಗ ಅಳೂವಂಥಾದ್ದು ಏನಾರ ಆಗತೈತಿ, ಸತ್ತ ಮನ್ಯಾಗ ನಗೂವಂಥಾದ್ದು ಏನಾರ ಆಗತೈತಿ, ಎರಡೂ ಕಡೆ ತುಟಿ ಕಚಗೊಂಡು ನಿಂದ್ರಾವ ನಾನ. ರಾಯಬಾಗ ತಾಲೂಕಿನ ಒಂದ ಹಳ್ಳ್ಯಾಗ ಮೂವತ್ತ ವರ್ಷದಿಂದ ನನ್ನ ಸ್ಟುಡಿಯೋ ಐತಿ. ಐವತ್ತೈದು ದಾಟಿದ ಮ್ಯಾಲ ಡ್ರೋನ್ ಹಾರಸಾಕ ಕಲಿಯಾಕ ಹೋದ್ನಿ. ಯಾಕ ಹೋದ್ನಿ, ಹೆಂಗ ಕಲತ್ನಿ, ಕಡೀಕ ಏನಾತು, ಎಲ್ಲಾ ಹೇಳತೀನಿ. ನಗಿ ಬಂದ್ರ ನಗ್ರಿ. ನಾನೂ ನಕ್ಕೀನಿ, ಆದ್ರ ಭಾಳ ತಡಾ ಮಾಡಿ ನಕ್ಕೀನಿ.

1. ಇಬ್ಬರು ಅಜ್ಜಂದಿರು

ನಮ್ಮ ಕಡೆ ಭಾಳ ಮನಿತನದಾಗ ಸತ್ತವರನ್ನ ಮಲಗಸೂದಿಲ್ಲ, ಕುಂದ್ರಸ್ತಾರ. ಜಳಕಾ ಮಾಡಿಸಿ, ಹೊಸಾ ಧೋತರ ಉಡಿಸಿ, ರುಮಾಲ ಸುತ್ತಿ, ಹಣಿ ತುಂಬ ವಿಭೂತಿ ಬಳದು ಗ್ವಾಡಿಗೆ ಆನಿಸಿ ಕುಂದ್ರಸ್ತಾರ. ಸುತ್ತಲೂ ಮನಿಮಂದಿ ನಿಂತು ಕಡೀ ಫೋಟೋ ತಗಸ್ಕೋತಾರ. ಆ ಫೋಟೋಕ್ಕ ಕರೀಯೂದು ನನ್ನ.

ಪಾಲಬಾವಿ ಹತ್ರ ಒಂದ ತ್ವಾಟದ ಮನಿಗೆ ಹಂಗ ಹೋಗಿದ್ನಿ. ಪಡಸಾಲಿ ಕತ್ತಲಾಗಿತ್ತು. ಗ್ವಾಡಿಗೆ ಆನಿಕೊಂಡು ಅಜ್ಜ ಕುಂತಿದ್ದ. ರುಮಾಲ ಐತಿ, ವಿಭೂತಿ ಐತಿ, ಕಣ್ಣು ಮುಚ್ಚ್ಯಾವ, ಗದ್ದ ಎದಿ ಮ್ಯಾಲ ಬಿದ್ದೈತಿ. "ಯಾರಾರ ಗದ್ದ ಎತ್ತಿ ಹಿಡೀರಿ" ಅಂದ್ನಿ. ಯಾರೂ ಬರಲಿಲ್ಲ. ದುಃಖದಾಗ ಅದಾರ ಬಿಡು ಅಂತ ನಾನ ಹೋಗಿ ಗದ್ದ ಎತ್ತಿದ್ನಿ, ರುಮಾಲ ಸರಿ ಮಾಡಿದ್ನಿ, ಹಣಿಗೆ ಇನ್ನೊಂದ ಬೆರಳ ವಿಭೂತಿ ಎಳದ್ನಿ. "ಪಾಪ, ಮೈ ಇನ್ನೂ ಬೆಚ್ಚಗೈತಿ. ಭಾಳ ಹೊತ್ತಾಗಿಲ್ಲ ಕಾಣತೈತಿ" ಅಂತ ಬಾಜೂದವರಿಗೆ ಅಂದ್ನಿ.

ಅಜ್ಜ ಕಣ್ಣ ತಗದ.

"ತಮ್ಮಾ, ನಾ ಅವನ ಅಣ್ಣ ಅದೀನಿ. ಹೋದಾಂವ ನನ್ನ ಬಾಜೂಕ ಕುಂತಾನ ನೋಡು."

ನನ್ನ ಬಲಗೈ ಕಡೆ ಎರಡ ಮಾರ ದೂರದಾಗ ಕುರ್ಚಿ ಮ್ಯಾಲ ಕುಂದ್ರಸಿದ್ರು. ಮೂಗಿನ ತನಕ ಹೂವಿನ ಮಾಲಿ ಹಾಕಿದ್ರು. ಮುಂದ ಊದಿನಕಡ್ಡಿ ಉರಿಯಾಕತ್ತಿದ್ವು, ಮಗ್ಗಲಕ್ಕ ಹೆಂಗಸರು ಕುಂತ ಅಳಾಕತ್ತಿದ್ರು. ಇಷ್ಟೆಲ್ಲಾ ಇದ್ರೂ ನನಗ ಕಂಡಿರಲಿಲ್ಲ. ಹೆಂಗೋ ಫೋಟೋ ತಗದು ಬ್ಯಾಗ ಹೆಗಲಿಗೆ ಹಾಕ್ಕೊಂಡ ಹೊಂಟ್ನಿ. ಆ ಹಿರಿ ಅಜ್ಜ ಕೂತಲ್ಲಿಂದನ ಕರದ.

"ನಂದೂ ಒಂದ ತಗದ ಇಟ್ಟಬಿಡ್ರಿ. ಹೆಂಗೂ ತಯಾರ ಮಾಡೀರಿ, ಮತ್ತೊಮ್ಮಿ ಬರೂದ ತಪ್ಪತೈತಿ ನಿಮಗ."

2. ಮಿರಜದ ಡಾಕ್ಟರು

ಮರುದಿನಾನ ಮಿರಜಕ್ಕ ಹೋದ್ನಿ. ನಮ್ಮ ಕಡೆ ಮಂದಿಗೆ ಕಣ್ಣ ಕೆಟ್ರೂ ಮಿರಜ, ಎಲಬ ಮುರದ್ರೂ ಮಿರಜ. ಡಾಕ್ಟರು ಬೆಳಕ ಬಿಟ್ಟು ನೋಡಿದ್ರು, ಯಂತ್ರದ ಮುಂದ ಗದ್ದ ಇಡಿಸಿ ನೋಡಿದ್ರು, ಆಮ್ಯಾಲ ಕುರ್ಚಿ ಹತ್ರ ಎಳಕೊಂಡು ಕುಂತ್ರು. ಡಾಕ್ಟರು ಕುರ್ಚಿ ಹತ್ರ ಎಳಕೊಂಡ್ರ ಸುದ್ದಿ ಚಲೋ ಇರೂದಿಲ್ಲ.

"ಮೋತಿಬಿಂದು, ಅಂದ್ರ ಪೊರೆ, ಆಗಿದ್ರ ತಗದ ಒಗೀತಿದ್ವಿ. ಇದು ಕಾಚಬಿಂದು, ಗ್ಲಾಕೋಮಾ ಅಂತಾರ. ಒಳಗಿನ ನರಾನ ಒಣಗಸತೈತಿ. ಬಲಗಣ್ಣ ಹೋಗೇತಿ. ಎಡಗಣ್ಣ ಅಂಚಿನಿಂದ ತಿನ್ಕೋತ ಬಂದೈತಿ. ನೀವು ಈಗ ಒಂದ ನಳಿಗಿಯೊಳಗಿಂದ ನೋಡಾಕತ್ತೀರಿ."

"ಹೋದದ್ದು ತಿರಗಿ ಬರತೈತ್ರಿ?"

"ಇಲ್ಲ. ಉಳದದ್ದನ್ನ ಕಾಯಕೋಬೇಕು. ದಿನಾ ತಪ್ಪಸದ ಹನಿ ಹಾಕೋರಿ. ಏನ ಉದ್ಯೋಗ ಮಾಡತೀರಿ?"

"ಫೋಟೋಗ್ರಾಫರ್ರಿ."

ಅವರ ಪೆನ್ನು ನಿಂತ ಬಿಡ್ತು. "ಎಂಥಾ ಫೋಟೋ ತಗೀತೀರಿ?" ಅಂದ್ರು.

"ಮದವೀದು, ಆಮ್ಯಾಲ ಸತ್ತವರದು."

ಡಾಕ್ಟರು ಖರೇನ ವಿಚಾರ ಮಾಡಿದ್ರು. "ಸತ್ತವರದು ಇನ್ನೊಂದ ಸ್ವಲ್ಪ ದಿನಾ ನಡೀತೈತಿ. ಅವರು ಅಲಗ್ಯಾಡೂದಿಲ್ಲ."

ಬಸ್ಸಿನ್ಯಾಗ ಕಿಡಕಿಗೆ ಮಾರಿ ಮಾಡಿ ಕುಂತ್ನಿ. ಸುಳ್ಳ ಯಾಕ ಹೇಳ್ಲಿ, ಕಾಗವಾಡ ಬರೂತನಾ ಅತ್ನಿ. ಮನ್ಯಾಗ ನಮ್ಮಾಕಿಗೆ ಮಾತ್ರ "ಚಾಳೀಸಿನ ನಂಬರ ಬದಲಾಗೇತಿ" ಅಂತ ಹೇಳಿದ್ನಿ. ಅಕಿಗೆ ಹೇಳಿದ್ರ ಖರೇ ಆಗತೈತಿ ಅನ್ನೂ ಅಂಜಿಕಿ. ಹೇಳದ ಇದ್ರ ಇನ್ನೂ ಸ್ವಲ್ಪ ದಿನಾ ಸುಳ್ಳ ಇರತೈತಿ ಅಂತ.

ಹಿಂತಾದ್ರಾಗ ಡ್ರೋನ್ ಯಾಕ ಅಂತೀರೇನು? ಅಲ್ಲೇ ಐತಿ ನನ್ನ ಶ್ಯಾಣೇತನಾ. ಡ್ರೋನ್ ಇಲ್ಲಂದ್ರ ಮದವಿ ಮಂದಿ ಒಲ್ಲೆ ಅನ್ನಾಕತ್ತಿದ್ರು. ಕ್ಯಾಮರಾ ಕಣ್ಣಿಗೆ ಹಚ್ಚೂ ಕೆಲಸಾ ಮುಗೀತು. ಡ್ರೋನಿನ್ಯಾಗ ಆದ್ರ ಪರದೆ ಕೈಯಾಗ ಇರತೈತಿ, ಮೂಗಿಗೆ ಹತ್ತೂವಂಗ ಹಿಡದ್ರ ನನ್ನ ನಳಿಗ್ಯಾಗ ಬರೋಬರಿ ಹಿಡಸತೈತಿ. ಯಂತ್ರಕ್ಕ ಅದರದ ಕಣ್ಣ ಐತಿ, ನಂದ ಯಾಕ ಬೇಕು ಅಂದ್ಕೊಂಡ್ನಿ. ಕಾಲ ಕಿಲೋಕ್ಕಿಂತ ಹಗುರಂದು, ಅಂಗೈ ಅಗಲದ್ದು ಒಂದ ತಗೊಂಡ ಬಂದ್ನಿ.

3. ಸುಬೇದಾರ ಸಾಹೇಬರ ಹದ್ದು

ಚಿಕ್ಕೋಡ್ಯಾಗ ಒಬ್ಬರು ರಿಟೈರ್ ಆದ ಸುಬೇದಾರರು ಡ್ರೋನ್ ಕಲಸತಾರ. ಊರ ಹೊರಗಿನ ಬಯಲಾಗ ಪಾಠ. ಮೊದಲ ಎರಡ ದಿನಾ ಯಂತ್ರ ಮುಟ್ಟಾಕ ಬಿಡಲಿಲ್ಲ. ಅಟೆನ್ಶನ್ ನಿಂದರಿಸಿ ಕೇಳತಿದ್ರು, ನಾವು ಜೋರಾಗಿ ಒದರಬೇಕು.

"ರೆಕ್ಕಿ?"

"ಸೀಳಿಲ್ಲ ಸಾಹೇಬ್ರ!"

"ಬ್ಯಾಟರಿ?"

"ತುಂಬೇತಿ ಸಾಹೇಬ್ರ!"

"ಸೆಟಲೈಟ್?"

"ಹತ್ತ ಸಿಕ್ಕಾವ ಸಾಹೇಬ್ರ!"

"ಮ್ಯಾಲ ವಾಯರ್? ಕೆಳಗ ಮಂದಿ?"

"ಎರಡೂ ಇಲ್ಲ ಸಾಹೇಬ್ರ!"

"ಕಣ್ಣು?"

ಗೊತ್ತಾತೇನ ಇವರಿಗೆ?

"ಕೇಳಾಕತ್ತೀನಿ, ಕಣ್ಣ ಎಲ್ಲಿರಬೇಕು?"

"ಪರದೆ ಮ್ಯಾಲ ಸಾಹೇಬ್ರ."

"ತಪ್ಪು! ಕಣ್ಣ ಯಂತ್ರದ ಮ್ಯಾಲ. ಅದು ಎಲ್ಲಿ ಹೋಗತೈತೋ ಅಲ್ಲಿ. ಪರದೆ ನೋಡಕೋತ ಹಾರಸಾಂವ ಒಂದಿಲ್ಲ ಒಂದ ದಿನಾ ಯಾರದೋ ತಲಿ ಒಡೀತಾನ."

ನನ್ನ ಶ್ಯಾಣೇತನಾ ಅಲ್ಲೇ ಮಣ್ಣ ಆತು. ಕಣ್ಣ ಬೇಕಾಗೂದಿಲ್ಲ ಅಂತ ತಗೊಂಡ ಯಂತ್ರ ಮೊದಲ ಕೇಳಿದ್ದ ಕಣ್ಣು.

ಮೂರನೇ ದಿನಾ ನನ್ನ ಪಾಳಿ ಬಂತು. ಹಾರಿಸಿದ್ನಿ. ಅದು ನಮಗ ಬೆನ್ನ ಮಾಡಿ ಹೋಗೂ ಮುಂದ ಎಡಾ ಎಡಾನ, ಬಲಾ ಬಲಾನ. ಮಾರಿ ತಿರಿವಿ ನಮ್ಮ ಕಡೆ ಬಂತಂದ್ರ ಎಡಾ ಹೋಗಿ ಬಲಾ ಆಗತೈತಿ. ಎರಡ ಕಣ್ಣ ಇದ್ದವರ ಅಲ್ಲಿ ಮುಗ್ಗರಸತಾರ, ನಂದೇನ ಹೇಳೂದು. ಗಳಗಿಯೊಳಗ ಯಂತ್ರ ನನ್ನ ನಳಿಗಿ ಬಿಟ್ಟ ಹೊರಗ ಹೋತು. ಕುತ್ತಿಗಿ ಸುತ್ತಲೂ ತಿರಗಿಸಿ ಹುಡಕಿದ್ನಿ. ಸಿಕ್ತು! ಮುಗಲಾಗ ಕರ್ರಗ, ಸಣ್ಣಗ, ಸಾವಕಾಶ ಸುತ್ತ ಹಾಕಾಕತ್ತಿತ್ತು. ನಾ ಎಡಕ್ಕ ಒತ್ತಿದ್ರ ಎಡಕ್ಕ ಹೋಗಾಕತ್ತು, ಮ್ಯಾಲಕ್ಕ ಒತ್ತಿದ್ರ ಮ್ಯಾಲಕ್ಕ. ಏನ ಚಂದ ಮಾತ ಕೇಳತೈತಿ ಅಂತ ಹಿಗ್ಗಿ, "ನೋಡ್ರಿ ಸಾಹೇಬ್ರ, ಕೈ ಕೂಡ್ತು ನನಗ" ಅಂದ್ನಿ.

ಸಾಹೇಬರು ಮುಗಲ ನೋಡಿದ್ರು, ಕೈಗಡಿಯಾರ ನೋಡಿದ್ರು.

"ನಿಮ್ಮ ಡ್ರೋನ್ ನಿಮ್ಮ ಬೆನ್ನ ಹಿಂದ ಇಳದು ಐದ ಮಿನಿಟಾತು. ಆ ಹದ್ದನ್ನ ಇನ್ನ ಮನಿಗೆ ಬಿಡ್ರಿ, ಅದಕ್ಕೂ ಮಕ್ಕಳ ಮರಿ ಇರತಾವ."

ಬಿಸಲಿಗೆ ಕಣ್ಣ ಕುಕ್ಕಿತು ಅಂತ ಸುಳ್ಳ ಹೇಳಿದ್ನಿ. ಅವರು ನನ್ನ ಮಾರೀನ ನೋಡಿದ್ರು. ಬೈಯಲಿಲ್ಲ. "ನೀವು ಒಬ್ಬರ ಹಾರಸಬ್ಯಾಡ್ರಿ. ಬಾಜೂಕ ಒಬ್ಬರು ಮುಗಲ ನೋಡಾವರು ಇರಬೇಕು. ಇದು ನನ್ನ ಆರ್ಡರ್" ಅಂದ್ರು.

4. ಫಿಲಂ ಡಬ್ಬಿ

ಮುಗಲ ನೋಡಾಕ ನಮ್ಮಾಕೀನ ಕೇಳಬೇಕು. ಕೇಳಬೇಕಂದ್ರ ಖರೇ ಹೇಳಬೇಕು. ಹೆಂಗ ಹೇಳೂದು ಅಂತ ನಾ ನಾಕ ದಿನಾ ತಿಣಕಾಡೂದ್ರಾಗ ಅಕೀನ ಕೇಳಿದ್ಳು.

ನಮ್ಮಾಕಿ ನಿಪ್ಪಾಣಿಯಾಕಿ. ಹತ್ತ ವರ್ಷದಾಕಿ ಇದ್ದಾಗಿಂದ ಬೀಡಿ ಕಟ್ಟಿದ ಕೈ. ಲಗ್ನಾಗಿ ಬಂದ ಮ್ಯಾಲೂ ಬಿಡಲಿಲ್ಲ. ಮಾರಿ ಟೀವಿ ಕಡೆ ಇರತೈತಿ, ಬಾಯಿ ನನ್ನ ಬೈತಿರತೈತಿ, ಬೆರಳ ತಮ್ಮ ಪಾಡಿಗೆ ಎಲಿ ಸುತ್ತತಿರತಾವ. ತಂಬಾಕಿನ ಧೂಳಿಂದ ಒಂದ ಕೆಮ್ಮ ಹತ್ತೇತಿ, ಅದೂ ಬಿಟ್ಟಿಲ್ಲ. ಅಕೀದೊಂದ ರೀತಿ ಐತಿ. ಸಿಟ್ಟ ಬಂದ್ರ ಮರಾಠಿ ಮಾತಾಡತಾಳ, ಅಳು ಬಂದ್ರ ಕನ್ನಡ. ಮೂವತ್ತ ವರ್ಷದಾಗ ಇದು ಒಮ್ಮೀನೂ ಹೆಚ್ಚುಕಮ್ಮಿ ಆಗಿಲ್ಲ.

ಕಣ್ಣಿನ ಹನೀನ ತಂಪಾಗ ಇಡಬೇಕಂತ ಡಾಕ್ಟರು ಹೇಳಿದ್ರು. ನಾ ಒಂದ ಹಳೇ ಫಿಲಂ ಡಬ್ಬಿಯೊಳಗ ಹಾಕಿ ಫ್ರಿಜ್ಜಿನ್ಯಾಗ ಶೇಂಗಾ ಚಟ್ನಿ ಹಿಂದ ಇಟ್ಟಿದ್ನಿ. ಒಂದಿನಾ ಮುಂಜಾನೆ ಅಕಿ ಆ ಡಬ್ಬಿ ನನ್ನ ಮುಂದ ತಂದ ಕುಕ್ಕಿದ್ಳು.

"ಹೇ ಕಾಯ ಹಾಯ?"

ಮರಾಠಿ. ಇದೇನು ಅಂತ ಕೇಳಿದ್ಳು. ನಾ ಗಾಬರಿ ಆದ್ನಿ. "ಫಿಲಂ ಐತಿ. ಹಳೇದು. ತಂಪಾಗ ಇಟ್ರ ಕೆಡೂದಿಲ್ಲ."

"ಮಲಾ ವೇಡಿ ಸಮಜತಾ ಕಾಯ?" ಫಿಲಂ ನಿಂತು ಇಪ್ಪತ್ತ ವರ್ಷಾತು, ನನ್ನೇನ ಹುಚ್ಚಿ ಅಂತ ತಿಳದೀರೇನು ಅಂತ ಕೇಳಾಕತ್ತಾಳ. ಡಬ್ಬಿ ತಗದು ಹನಿ ಬಾಟ್ಲಿ ನನ್ನ ಎಡಗಣ್ಣಿನ ಮುಂದ ಹಿಡದ್ಳು. ಬಲಗಣ್ಣಿನ ಮುಂದ ಹಿಡೀಲಿಲ್ಲ ನೋಡ್ರಿ. ಆವಾಗ ತಿಳೀತು, ಅಕಿಗೆ ಎಲ್ಲಾ ಗೊತ್ತೈತಿ.

"ಎಂದಿಂದ ಗೊತ್ತೈತಿ?"

ಅಕಿ ಕುಂತ್ಳು. ಕನ್ನಡಕ್ಕ ಬಂದ್ಳು. "ಎರಡ ತಿಂಗಳಾತು. ಚಹಾ ಬಲಕ್ಕ ಇಟ್ರ ಆರಿ ಹೋಗತೈತಿ, ಎಡಕ್ಕ ಇಟ್ರ ಕುಡೀತೀರಿ. ನಾ ದಿನಾ ಒಂದೊಂದ ಕಡೆ ಇಟ್ಟ ನೋಡೀನಿ."

"ಮತ್ತ ನೀ ಯಾಕ ಕೇಳಲಿಲ್ಲ?"

"ನೀವು ಹೇಳತೀರಿ ಅಂತ ದಾರಿ ನೋಡಿದ್ನಿ" ಅಂತ ಸೆರಗ ಬಾಯಿಗೆ ಹಚ್ಚಿಕೊಂಡ್ಳು. ನನಗ ನಾಚಿಕಿ ಆತು, ಸಮಾಧಾನಾನೂ ಆತು. ಅತ್ತ ಮುಗಿದ ಮ್ಯಾಲ ಅಕಿ ಮೂಗ ಒರಸ್ಕೊಂಡು ಮತ್ತ ಮರಾಠಿಗೆ ಹೋದ್ಳು. ಅದರ ಅರ್ಥ ಇಷ್ಟ: ಕಣ್ಣಿನ ಸುದ್ದಿ ಮುಚ್ಚಿಟ್ಟದ್ದಕ್ಕ ಮಾಫಿ ಐತಿ, ನಿಮ್ಮ ಹಿಂದ ನನ್ನ ಎರಡ ತಿಂಗಳ ಚಹಾ ಹಾಳಾತಲ್ಲ, ಅದಕ್ಕಿಲ್ಲ.

5. ನಿಪ್ಪಾಣಿ ಕಡೆ

ಮುಗಲ ನೋಡಾಕ ನಿಂತ್ಳು. ಮೊದಲ ದಿನಾನ ಕಂಡ್ಶನ್ ಹಾಕಿದ್ಳು, "ಎಡಾ ಬಲಾ ನನಗ ಹೇಳಾಕ ಬರೂದಿಲ್ಲ. ಉಣ್ಣೂ ಕೈ ಯಾದು ಅಂತ ನೆನಸ್ಕೊಂಡ ಹೇಳೂದ್ರಾಗ ನಿಮ್ಮ ಯಂತ್ರ ಗಿಡಕ್ಕ ಹೊಡೀತೈತಿ. ನಾ ಊರ ಹೆಸರಲೆ ಹೇಳತೀನಿ."

ಹಂಗಾಗಿ ನಮ್ಮದ ಬ್ಯಾರೆ ಪದ್ಧತಿ ಆತು. ನಮ್ಮೂರಾಗ ನಾ ಗುಡಿಗೆ ಮಾರಿ ಮಾಡಿ ನಿಂದರಾವ, ಡ್ರೋನಿನ ಮಾರೀನೂ ಗುಡಿ ಕಡೇನ. ಅಕಿ ನನ್ನ ಬಲಕ್ಕ ನಿಂತು, "ಹೊಳಿ ಕಡೆ ಹೊಂಟೈತ್ರಿ... ಗಿರಣಿ ಕಡೆ ಎಳೀರಿ... ಹಾಂ, ಈಗ ಹಾಲಿನ ಡೇರಿ ಬಯಲ ಮ್ಯಾಲ ಐತಿ, ಇಳಸ್ರಿ" ಅಂತ ಒದರತಿದ್ಳು. ಗಿರಣಿ ಯಾ ಕಡೆ ಐತಿ ಅಂತ ನನ್ನ ಕೈಗೆ ಐವತ್ತ ವರ್ಷದಿಂದ ಗೊತ್ತೈತಿ, ವಿಚಾರ ಮಾಡೂದ ಬೇಕಾಗಿಲ್ಲ. ಸುಬೇದಾರರು ಬಂದು ನೋಡಿ, "ಫೌಜಿನ್ಯಾಗೂ ಇಂಥಾ ಕಮಾಂಡ್ ನಾ ಕೇಳಿಲ್ಲ" ಅಂದ್ರು. ಆದ್ರೂ ಪಾಸ್ ಮಾಡಿದ್ರು.

ಸಮಸ್ಯಾ ಏನಂದ್ರ, ಪರ ಊರಿಗೆ ಹೋದ್ರ ಗಿರಣಿ ಎಲ್ಲಿಂದ ತರೂದು? ಅದಕ್ಕೂ ಅಕಿ ಉಪಾಯ ತಗದ್ಳು. "ನಿಪ್ಪಾಣಿ ಎಲ್ಲಿ ಹೋದ್ರೂ ನಿಪ್ಪಾಣೀನ. ನನ್ನ ತವರಮನಿ ಯಾ ಕಡೆ ಐತಿ ಅಂತ ನನಗ ನಿದ್ದಿಗಣ್ಣಾಗೂ ಗೊತ್ತಿರತೈತಿ."

ಅಥಣಿ ಕಡೆ ಒಬ್ಬ ದ್ರಾಕ್ಷಿ ಬೆಳೆಗಾರರ ಮನ್ಯಾಗ ಮದವಿ. ಗಾಡ್ಯಾಗ ನಾ ಡ್ರೈವರನ ಬಾಜೂಕ, ಅಕಿ ಹಿಂದ ಸಾಮಾನಿನ ನಡಕ ಮಲಗಿ ಬಂದ್ಳು. ಮುಟ್ಟಿದ್ದು ನಡುಮಧ್ಯಾಹ್ನ, ಸೂರ್ಯಾ ನೆತ್ತಿ ಮ್ಯಾಲ. ಮಂದೀದೆಲ್ಲಾ ಊಟ ನಡದಿತ್ತು. ಅವರ ತಲಿ ಮ್ಯಾಲ ಹೋಗಬಾರದು, ಮನೀದು ಒಂದ ದೃಶ್ಯ ತಗದು ಖಾಲಿ ಹೊಲದ ಕಡೆ ಒಯ್ಯೂದು ಅಂತ ಮಾತಾಗಿತ್ತು.

"ಖಾಲಿ ಹೊಲ ಯಾ ಕಡೆ?"

"ನಿಪ್ಪಾಣಿ ಕಡೆ ಐತಿ, ಒಂದ ಗಿಡಾ ಸೈತ ಇಲ್ಲ. ಬಿಡ್ರಿ ಧೈರ್ಯಾಗಿ ನಿಪ್ಪಾಣಿ ಕಡೆ!"

ಗಾಡಿ ಬಂದ ದಾರಿ ನಾ ನೋಡಿದ್ನಿ. ನಿಪ್ಪಾಣಿ ಪಡುವಣಕ್ಕ. ಪಡುವಣಕ್ಕ ಬಿಟ್ನಿ. ಅಕಿ ನಿಪ್ಪಾಣಿ ಮಾತ್ರ ನಿದ್ದಿಯೊಳಗ ತಿರಗಿ ಮೂಡಣಕ್ಕ ಹೋಗಿತ್ತು. "ಅಲ್ಲಲ್ಲ, ನಿಪ್ಪಾಣಿ ಕಡೆ ಅಂದ್ನಿ!" ಅಂತ ಅಕಿ ಚೀರಿದ್ಳು. "ನಿಪ್ಪಾಣಿಗೇ ಹೊಂಟೈತಿ!" ಅಂತ ನಾ ಚೀರಿದ್ನಿ. ಇಬ್ಬರ ನಿಪ್ಪಾಣಿ ನಡಕ ಸಿಕ್ಕು ಡ್ರೋನ್ ಹೋಗಿ ಒಣದ್ರಾಕ್ಷಿ ಮಾಡೂ ಶೆಡ್ಡಿನ ಹಸರ ಜಾಳಗಿ ಹೊಕ್ಕು, ದ್ರಾಕ್ಷಿ ಹರವಿದ ಬಲಿ ಮ್ಯಾಲ ಅಂಗಾತ ಬಿತ್ತು.

ಶೆಡ್ಡಿನ ಮಾಲಕರು ಅದನ್ನ ಎತ್ತಿ ಹಿಂದ ಮುಂದ ಒತ್ತಿ ನೋಡಿದ್ರು. "ಇನ್ನ ಹಸೀ ಐತ್ರಿ. ಹದಿನೈದ ದಿನಾ ಬಿಟ್ಟು ಬರ್ರಿ, ಒಣಗಿರತೈತಿ" ಅಂದ್ರು.

ಅವತ್ತಿನಿಂದ ಸುಬೇದಾರರ ಪ್ರಶ್ನಿಗೋಳಿಗೆ ಇನ್ನೊಂದ ಕೂಡ್ತು. ರೆಕ್ಕಿ, ಬ್ಯಾಟರಿ, ಸೆಟಲೈಟ್, ವಾಯರ್, ಮಂದಿ ಆದ ಮ್ಯಾಲ, ಯಾ ಊರಿಗೆ ಹೋದ್ರೂ ನಮ್ಮಾಕಿ ಮೊದಲ ಸಿಕ್ಕವರನ್ನ ಹಿಡದು, "ನಿಪ್ಪಾಣಿ ಯಾ ಕಡೆ ಐತ್ರಿ?" ಅಂತ ಕೇಳಾಕ ಹತ್ತಿದ್ಳು. ಶೇಡಬಾಳದಾಗ ಒಬ್ಬ ಮುದುಕಿ ಅಕೀನ ಬಾಗಲ ಹಿಂದ ಕರಕೊಂಡ ಹೋಗಿ, ನನ್ನ ಕಡೆ ಕೆಂಗಣ್ಣ ಬಿಟ್ಟು ನೋಡಿ ಕೇಳಿದ್ಳಂತ:

"ನಿಪ್ಪಾಣಿ ನಿನ್ನ ತವರಮನಿ ಏನ ಮಗಳ? ಭಾಳ ಬಡೀತಾನೇನು? ಹೇಳು, ಬಸ್ಸಿಗೆ ನಾ ಕುಂದ್ರಸತೀನಿ."

6. ಅಜ್ಜಿ ಬಗ್ಗಿದಳು

ಇದನ್ನ ಹೇಳೂದೋ ಬ್ಯಾಡೋ ಅಂತ ಭಾಳ ವಿಚಾರ ಮಾಡೀನಿ.

ರಾಯಬಾಗದ ಹತ್ರ ಒಂದೂರಾಗ ತೊಂಬತ್ತ ದಾಟಿದ ಅಜ್ಜಿ ತೀರಕೊಂಡಿದ್ಳು. ನಾಕ ತಲಿಮಾರ ನೋಡಿದಾಕಿ. ಹೂವಿನ ಮಂಟಪದಾಗ ಕುಂದ್ರಿಸಿ, ಭಜನಿ ಹಚ್ಚಿ, ಹೆಗಲ ಮ್ಯಾಲ ಹೊತ್ತು ಹೊಲಕ್ಕ ಒಯ್ಯೂದು. ಮಗ ಅಂದ್ರ ಅಂವಗೂ ಅರವತ್ತರ ಮ್ಯಾಲ. "ನಮ್ಮವ್ವನ ಮೆರವಣಿಗಿ ಮ್ಯಾಲಿಂದ ತಗೀಬೇಕ್ರಿ" ಅಂದ. ಮಂದಿ ಮ್ಯಾಲ ಹಾರಸೂದಿಲ್ಲ, ರಸ್ತೇದ ಬಾಜೂಕ ಕಬ್ಬಿನ ಮ್ಯಾಲಿಂದ ತಗೀತೀನಿ ಅಂದ್ನಿ. ಒಪ್ಪಿದ.

ನಮ್ಮಾಕಿ ನಿಪ್ಪಾಣಿ ಎಲ್ಲಿ ಅಂತ ಕೇಳ್ಕೊಂಡು ನನ್ನ ಬಲಕ್ಕ ನಿಂತ್ಳು. ಎಲ್ಲಾ ಸರಿ ಇತ್ತು. ಕಬ್ಬಿನ ಮ್ಯಾಲಿಂದ ಒಮ್ಮೆಲೆ ಗಾಳಿ ಎದ್ದು ಡ್ರೋನನ್ನ ರಸ್ತೆ ಕಡೆ ನೂಕಿತು. ಅದು ನನ್ನ ಬಲಕ್ಕ. ನನಗ ಅಲ್ಲಿ ಜಗತ್ತ ಇಲ್ಲ. ಅಕಿ "ನಿಪ್ಪಾ..." ಅನ್ನೂದ್ರಾಗ ಕೆಮ್ಮ ಹತ್ತಿತು. ಹತ್ತಿದ ಕೆಮ್ಮ ನಿಂದ್ರಲಿಲ್ಲ. ನನ್ನ ತೋಳ ಹಿಡದ ಜಗ್ಗಿದ್ಳು. ಇಳಸ್ರಿ ಅಂತ ಹೇಳಾಕತ್ತಾಳ ಅಂತ ತಿಳದು ನಾ ಇಳಸಿದ್ನಿ. ಅಕಿ ಹೇಳಾಕತ್ತಿದ್ದು ಎತ್ತರಿ ಅಂತ.

ಡ್ರೋನ್ ಭಜನಿಯವರ ತಲಿ ಮಟಕ್ಕ ಬಂದು, ಹೊತ್ತವರ ಮಾರಿ ಮುಂದ ಹಾದು ಹೋತು. "ಏ! ಏ!" ಅಂತ ಎಲ್ಲಾರೂ ಬಗ್ಗಿದ್ರು. ಹೊತ್ತವರು ಬಗ್ಗಿದ ಕೂಡಲೆ ಮಂಟಪ ಮುಂದಕ್ಕ ವಾಲಿತು. ಮಂಟಪ ವಾಲಿದ ಕೂಡಲೆ ಅಜ್ಜೀನೂ ಬಗ್ಗಿದಳು. ಡ್ರೋನ್ ಅಕಿ ತಲಿ ಮ್ಯಾಲ ಎರಡ ಬೆರಳ ಅಂತರದಾಗ ಪಾರಾಗಿ ಅತ್ಲಾಗಿನ ಕಬ್ಬಿನ್ಯಾಗ ಬಿತ್ತು.

ಭಜನಿ ನಿಂತಿತ್ತು. ಯಾರೋ ಹಿಂದಿಂದ, "ನೋಡ್ರೋ, ಹೋದ ಮ್ಯಾಲೂ ಅಜ್ಜಿ ಎಷ್ಟ ಚುರುಕ" ಅಂದ್ರು. ಎಲ್ಲಾರೂ ನಕ್ಕರು. ನನಗ ನಗಿ ಬರಲಿಲ್ಲ. ಮುಂದಿನ ಸಾಲಿನ್ಯಾಗ ಹೊತ್ತವನ ಕಣ್ಣಿಗೆ ಒಂದ ಗೇಣ ಅಂತರ ಇತ್ತು ಅಂತ ನಮ್ಮಾಕಿ ಹೇಳಿದ್ಳು. ನನ್ನ ಕಣ್ಣ ಹೋದದ್ದಕ್ಕ ಇನ್ನೊಬ್ಬರ ಕಣ್ಣ ತಗೀ ಹೊಂಟಿದ್ನಿ. ರಿಮೋಟ್ ನೆಲದ ಮ್ಯಾಲ ಇಟ್ನಿ.

ಆ ಮಗನ ಮುಂದ ಹೋಗಿ ಕೈ ಮುಗದ್ನಿ. "ತಪ್ಪಾತ್ರಿ. ನನಗ ಬಲಗಣ್ಣ ಕಾಣೂದಿಲ್ಲ. ಎಡಗಣ್ಣೂ ಹೋಗಾಕತ್ತೈತಿ. ಮುಚ್ಚಿಟ್ಟಿದ್ನಿ" ಅಂತ ಎಲ್ಲಾರ ಮುಂದ ಹೇಳಿಬಿಟ್ನಿ. ಮೊದಲನೇ ಸಲ ಊರ ಮಂದಿ ಮುಂದ ಹೇಳಿದ್ದು.

ಅಂವ ಅವ್ವನ ಸೆರಗ ಸರಿ ಮಾಡಿ, ನನ್ನ ಭುಜದ ಮ್ಯಾಲ ಕೈ ಇಟ್ಟ. "ನಮ್ಮವ್ವಗ ಹತ್ತ ವರ್ಷದಿಂದ ಎರಡೂ ಕಣ್ಣ ಇರಲಿಲ್ರಿ" ಅಂದ. ನಾ ತಲಿ ಎತ್ತಿದ್ನಿ.

"ಆದ್ರ ಅಕಿ ಏನೂ ಹಾರಸಾಕ ಹೋಗಲಿಲ್ಲ."

7. ಟೋಪಿ-ಟಾವೆಲ್ಲಿನ ಫೋಟೋ

ಡ್ರೋನ್ ಕಬ್ಬಿನ್ಯಾಗಿಂದ ಸಿಕ್ತು, ರೆಕ್ಕಿ ಮುರದಿದ್ವು. ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ನಿ. ಸ್ಟುಡಿಯೋದ ಬಾಗಲಾನೂ ನಾಕ ದಿನಾ ತಗೀಲಿಲ್ಲ. ಐದನೇ ದಿನಾ ನಮ್ಮಾಕಿ ಹೊಸಾ ರೆಕ್ಕಿ ಹಾಕಿದ ಡ್ರೋನ್ ಚೀಲದಾಗ ಇಟಗೊಂಡು ಚಪ್ಪಲಿ ಮೆಟ್ಟಿ ನಿಂತಿದ್ಳು.

"ನಡೀರಿ ಚಿಕ್ಕೋಡಿಗೆ."

"ಯಾಕ?"

"ನಾ ಕಲೀತೀನಿ. ನೀವು ಬಾಜೂಕ ನಿಂದರ್ರಿ."

ಸುಬೇದಾರರು ಅಕಿ ಬೆರಳ ನೋಡಿದ್ರು. ನಲವತ್ತ ವರ್ಷ ಎಲಿ ಹರೀದಂಗ ಬೀಡಿ ಸುತ್ತಿದ ಬೆರಳ. ರಿಮೋಟಿನ ಕಡ್ಡೀನ ಕೂದಲೆಳಿಯಷ್ಟ ಸರಸತಿದ್ಳು, ಡ್ರೋನ್ ಕೂದಲೆಳಿಯಷ್ಟ ಸರೀತಿತ್ತು. ಕೆಮ್ಮ ಬಂದ್ರ ಬೆರಳ ಬಿಡತಿದ್ಳು, ಯಂತ್ರ ಇದ್ದಲ್ಲೇ ನಿಂದರತಿತ್ತು. "ಇಷ್ಟ ದಿನಾ ಇವರನ್ನ ಎಲ್ಲಿ ಬಚ್ಚಿಟ್ಟಿದ್ರಿ?" ಅಂತ ನನ್ನ ಬೈದ್ರು. ಹದ್ದಿನ ಸುದ್ದಿ ಅಕಿಗೆ ಹೇಳಿದ್ದೂ ಅವರ.

ಅಕಿ ಮೊದಲನೇ ಕೆಲಸಾ ಅಕಿ ತವರಿನ್ಯಾಗ. ಅಕಿ ಅಣ್ಣ ನಿಪ್ಪಾಣ್ಯಾಗ ಹೊಸಾ ಮನಿ ಕಟಸಿದ್ದ, ವಾಸ್ತುಶಾಂತಿ ಇತ್ತು. ಆ ಕಡೆ ರಿವಾಜ ನಿಮಗ ಗೊತ್ತಿರಬೇಕು. ಬಂದ ಗಂಡಸರಿಗೆಲ್ಲಾ ಬಿಳಿ ಟೋಪಿ, ಒಂದ ಟಾವೆಲ್ ಕೊಟ್ಟು ಮರ್ಯಾದಿ ಮಾಡತಾರ. ಸಾಹುಕಾರ ಇರಲಿ, ಹಮಾಲ ಇರಲಿ, ಟೋಪಿ ಹಾಕ್ಕೊಂಡ ಮ್ಯಾಲ ಎಲ್ಲಾರೂ ಒಂದ. ನನಗೂ ಹಾಕಿದ್ರು.

ಊಟ ಆದ ಮ್ಯಾಲ ಓಣಿ ಮಂದೀನೆಲ್ಲಾ ಮನಿ ಮುಂದ ಕೂಡಸಿ ಒಂದ ದೊಡ್ಡ ಫೋಟೋ. ನಮ್ಮಾಕಿ ಎದರಿನ ಮಾಳಗಿ ಮ್ಯಾಲ ರಿಮೋಟ್ ಹಿಡಕೊಂಡ ನಿಂತ್ಳು. ಡ್ರೋನ್ ಮಂದಿ ತಲಿ ಮ್ಯಾಲ ಬರಬಾರದು, ರಸ್ತೆ ಆಚೆ ನಿಂದರಬೇಕು. ರೆಕ್ಕಿ, ಬ್ಯಾಟರಿ, ಸೆಟಲೈಟ್, ವಾಯರ್, ಮಂದಿ, ಎಲ್ಲಾ ಜೋರಾಗಿ ಒದರಿದ್ಳು. ರೂಢಿ ನೋಡ್ರಿ, ಅದ ಧಾಟ್ಯಾಗ "ನಿಪ್ಪಾಣಿ ಯಾ ಕಡೆ ಐತ್ರಿ?" ಅಂದಬಿಟ್ಳು. ಇಡೀ ಓಣಿ ಹೊಟ್ಟಿ ಹಿಡಕೊಂಡ ನಕ್ಕಿತು. ಅವರಣ್ಣ, "ನೀ ನಿಂತಿದ್ದ ನಿಪ್ಪಾಣಿ ಐತಿ, ಹುಚ್ಚಿ!" ಅಂದ.

ಅಕಿ ನನ್ನ ಕಡೆ ನೋಡಿದ್ಳು. "ಹಂಗಾರ ನಮ್ಮ ಮನಿ ಯಾ ಕಡೆ ಐತಿ ಹೇಳ್ರಿ." ಮೂವತ್ತ ವರ್ಷದಾಗ ನನ್ನ ಊರಿಗೆ ಅಕಿ "ನಮ್ಮ ಮನಿ" ಅಂದದ್ದು ಅವತ್ತ ಮೊದಲು. ಇಳಿಬಿಸಲ ಬೆನ್ನಿಗೆ ಹತ್ತಿತ್ತು, ಹಂಗಾಗಿ ಮೂಡಣಕ್ಕ ಕೈ ಮಾಡಿದ್ನಿ. ಬರೋಬರಿ ಇತ್ತು.

ಮಂದಿ ನಿಂದರಸೂ ಕೆಲಸಾ ನಂದು. ಗಿಡ್ಡರನ್ನ ಮುಂದ, ಉದ್ದರನ್ನ ಹಿಂದ, ಹೆಂಗಸರು ನಡಕ. ಆಮ್ಯಾಲ ನಾನೂ ಒಂದ ತುದಿಗೆ ನಿಂತು, ಮೂವತ್ತ ವರ್ಷದ ಗತ್ತಿನಲೆ ಕೈ ಎತ್ತಿ ಒದರಿದ್ನಿ: "ಎಲ್ಲಾರೂ ಡ್ರೋನ್ ನೋಡ್ರಿ! ಅಲ್ಲೈತಿ, ಅಲ್ಲಿ! ಯಾರೂ ಅತ್ಲಾಗ ಇತ್ಲಾಗ ನೋಡಬ್ಯಾಡ್ರಿ!"

ಮರುದಿನಾ ಮನ್ಯಾಗ ಆ ಫೋಟೋ ಟೀವಿಗೆ ಹಚ್ಚಿ ಗದ್ದ ತಾಗೂವಷ್ಟ ಹತ್ರ ಕುಂತ್ನಿ. ಬಾಜೂಕ ಅಕಿ ಬೀಡಿ ಸುತ್ತಾಕತ್ತಿದ್ಳು. ಫೋಟೋ ಏನ ಬಂದಿತ್ತಂತೀರಿ! ನಳಿಗ್ಯಾಗ ಒಬ್ಬೊಬ್ಬರನ್ನ ನೋಡಕೋತ ಹೊಂಟ್ನಿ. ಎಲ್ಲಾರ ಮಾರಿ ಮ್ಯಾಲ, ಎಲ್ಲಾರ ಕಣ್ಣ ಬರೋಬರಿ ಡ್ರೋನಿನ ಮ್ಯಾಲ. "ನನಗಿಂತ ಚಲೋ ತಗದೀ ಬಿಡು" ಅಂದ್ನಿ. ಅಕಿ ಹಿಗ್ಗಿದ್ಳು.

ತುದಿಗೆ ಬಂದ್ನಿ, ನನ್ನ ಪಿತ್ತ ನೆತ್ತಿಗೇರಿತು. ಬಿಳಿ ಟೋಪಿ ಹಾಕ್ಕೊಂಡಾಂವ ಒಬ್ಬ ಮುದುಕ. ಎಲ್ಲಾರೂ ಈ ಕಡೆ ನೋಡಾಕತ್ತಿದ್ರ ಇಂವ ಪೂರಾ ಆ ಕಡೆ ತಿರಗಿ, ಗಿಡಾ ಇಲ್ಲ ಹಕ್ಕಿ ಇಲ್ಲ ಅಂಥಾ ಖಾಲಿ ಮುಗಲಿಗೆ ಬೆರಳ ಮಾಡಿ ನಿಂತಾನ. ಮಾರಿ ತುಂಬ ಅದೇನ ಗತ್ತೋ.

"ನೋಡ ಇಲ್ಲಿ! ಇಷ್ಟ ಚಂದ ಫೋಟೋ ಕೆಡಿಸಿ ಇಟ್ಟಾನ. ಇಷ್ಟ ಒದರಿದ್ನೆಲ್ಲ ನಾ, ಡ್ರೋನ್ ನೋಡ್ರಿ ಅಂತ! ಯಾವ ದಡ್ಡ ಇಂವ? ನಿಮ್ಮ ಓಣ್ಯಾವನ ಇರಬೇಕು. ತಡಿ, ತುದಿಗದಾನ, ಕತ್ತರಿಸಿ ಒಗೀತೀನಿ."

ಅಕಿ ಬೆರಳ ನಿಂತ್ವು. ಮೂವತ್ತ ವರ್ಷದಾಗ ಆ ಬೆರಳ ಹಂಗ ಅರ್ಧಾ ಬೀಡಿ ಮ್ಯಾಲ ನಿಂತದ್ದು ನಾ ನೋಡಿರಲಿಲ್ಲ. ಈಗ ಮರಾಠಿ ಬರತೈತಿ, ಅವರ ಓಣೀಗೆ ಅಂದ್ನೆಲ್ಲ ಅಂತ ಅಂಜಿ ತಯಾರಾಗಿ ಕುಂತ್ನಿ. ಮರಾಠಿ ಬರಲಿಲ್ಲ. ಸಾವಕಾಶ, ಸಣ್ಣ ದನೀಲೆ, ಕನ್ನಡದಾಗ ಅಂದ್ಳು:

"ಅಂವನ್ನ ಕತ್ತರಸಬ್ಯಾಡ್ರಿ. ನಾ ಅಂವನ್ನ ಕಟಗೊಂಡು ಮೂವತ್ತ ವರ್ಷಾತು."